ಕಣದ ಮೇಲಿನ ಕೆಂಪು ವೈರು

ನಾನು ನಾಲ್ಕು ವರ್ಷ ಪ್ಲಾಸ್ಟಿಕ್ ಹಾಳಾಗುವುದನ್ನು ನೋಡುವ ಕೆಲಸ ಮಾಡಿದ್ದೇನೆ. ಊರಿನಲ್ಲಿ ಇದನ್ನು ಹೇಳಿದರೆ ಜನ ನಗುತ್ತಾರೆ. ಪ್ಲಾಸ್ಟಿಕ್ ತನ್ನಷ್ಟಕ್ಕೆ ಹಾಳಾಗುತ್ತದೆ, ಅದನ್ನು ಕಾಯಲು ಒಬ್ಬ ಎಂ.ಎಸ್ಸಿ. ಓದಿದವ ಬೇಕಾ ಎಂದು ನಮ್ಮ ಚಿಕ್ಕಪ್ಪ ಒಮ್ಮೆ ಊಟಕ್ಕೆ ಕೂತಾಗ ಕೇಳಿದ್ದರು. ಬೇಕು. ಕರೆಂಟಿನ ತಂತಿಗೆ ಸುತ್ತಿರುವ ಹೊದಿಕೆಯೆಲ್ಲ ಪ್ಲಾಸ್ಟಿಕ್ಕೇ. ಅದರ ಮೇಲೆ ವಿಕಿರಣ ಬೀಳುತ್ತಾ ಹೋದರೆ ಅದು ಎಷ್ಟು ದಿನ ಕರೆಂಟನ್ನು ಒಳಗೇ ಹಿಡಿದಿಟ್ಟುಕೊಂಡೀತು ಎಂದು ಯಾರಿಗಾದರೂ ಗೊತ್ತಿರಬೇಕಲ್ಲ.

ಕೆಲಸ ಸರಳವಾಗಿತ್ತು. ತೆಳು ಹಾಳೆಗಳನ್ನು ದುಂಡಗೆ ಕತ್ತರಿಸಿ, ಸೀಸದ ಗೋಡೆಯ ಪೆಟ್ಟಿಗೆಯೊಳಗಿಟ್ಟು ಗಾಮಾ ಕಿರಣಕ್ಕೆ ಒಡ್ಡುತ್ತಿದ್ದೆವು. ಆಮೇಲೆ ಅವನ್ನು ಎರಡು ಲೋಹದ ಬಿಲ್ಲೆಗಳ ನಡುವೆ ಸಿಕ್ಕಿಸಿ, ವೋಲ್ಟೇಜ್ ಕೊಟ್ಟು, ಎಷ್ಟು ಕರೆಂಟ್ ಸೋರುತ್ತದೆ ಎಂದು ಅಳೆಯುತ್ತಿದ್ದೆ. ಪ್ಲಾಸ್ಟಿಕ್ ಎಂದರೆ ಸರಪಳಿಯಂಥ ಉದ್ದುದ್ದ ಅಣುಗಳ ಸಿಕ್ಕು. ಕಿರಣ ಬಿದ್ದಾಗ ಕೆಲವು ಸರಪಳಿಗಳು ಪಕ್ಕದ್ದಕ್ಕೆ ಹೆಣೆದುಕೊಳ್ಳುತ್ತವೆ, ಕೆಲವು ತುಂಡಾಗುತ್ತವೆ. ಹೆಣಿಗೆ ಹೆಚ್ಚಾದರೆ ಲಾಭವೇ. ಬೇಕೆಂದೇ ಹದವಾಗಿ ಕಿರಣ ಕೊಟ್ಟು ಬಿಸಿ ತಡೆಯುವ ಕೇಬಲ್ ತಯಾರಿಸುವುದೂ ಉಂಟು. ತುಂಡಾಗುವುದು ಹೆಚ್ಚಾಗಿ, ಅದಕ್ಕೆ ಗಾಳಿಯಲ್ಲಿರುವ ಆಮ್ಲಜನಕವೂ ಸೇರಿಕೊಂಡರೆ ಹಾಳೆ ಮೊದಲು ಬಣ್ಣ ಕೆಡುತ್ತದೆ, ಆಮೇಲೆ ಪೆಡಸಾಗುತ್ತದೆ, ಕೊನೆಗೆ ಬಿರಿಯುತ್ತದೆ. ಕರೆಂಟ್ ಸೋರತೊಡಗುತ್ತದೆ. ನನ್ನ ನಾಲ್ಕು ವರ್ಷದ ಸಾರಾಂಶ ಇಷ್ಟೇ.

ಅಳತೆಗೆ ಮುಂಚೆ ಹಾಳೆಗಳನ್ನು ಚೆನ್ನಾಗಿ ಒಣಗಿಸಬೇಕಿತ್ತು. ಗಾಜಿನ ಡಬ್ಬಿಯೊಳಗೆ ತೇವ ಹೀರುವ ನೀಲಿ ಹರಳುಗಳ ಜೊತೆ ರಾತ್ರಿಯಿಡೀ ಮುಚ್ಚಿಡುತ್ತಿದ್ದೆ. ತೇವವಿದ್ದರೆ ನೀನು ಅಳೆಯುತ್ತಿರುವುದು ಪ್ಲಾಸ್ಟಿಕ್ಕನ್ನಲ್ಲ, ನೀರನ್ನು ಎಂದು ನಮ್ಮ ಪ್ರೊಫೆಸರ್ ಮೊದಲ ವಾರವೇ ಹೇಳಿಬಿಟ್ಟಿದ್ದರು. ಒಣಗಿಸಿಯೇ ಅಳೆಯುವುದು ನನಗೆ ಹಲ್ಲುಜ್ಜುವಷ್ಟೇ ಅಭ್ಯಾಸವಾಗಿ ಹೋಯಿತು. ಪಿಎಚ್.ಡಿ. ಮುಗಿಯಲಿಲ್ಲ. ಗೋಣಿಬೀಡಿನ ಹತ್ತಿರ ನಮ್ಮದು ಎಂಟೆಕರೆ ತೋಟ. ಅದನ್ನು ನೋಡಿಕೊಳ್ಳುತ್ತಿದ್ದ ಅಣ್ಣ ಚಿಕ್ಕಮಗಳೂರಿನಲ್ಲಿ ಮನೆ ಮಾಡಿದ್ದರಿಂದ ನಾನು ವಾಪಸು ಬಂದೆ. ಮೂಡಿಗೆರೆಯ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ, ಬೆಳಿಗ್ಗೆ ಸಂಜೆ ತೋಟ ನೋಡುತ್ತೇನೆ. ಎರಡೂ ಅರ್ಧರ್ಧ ಎಂದು ಹೆಂಡತಿಯ ದೂರು, ಅದು ಸುಳ್ಳೂ ಅಲ್ಲ.

ಆರೇಳು ವರ್ಷದ ಹಿಂದೆ ಕಾಫಿ ಒಣಗಿಸುವ ಕಣವನ್ನು ದೊಡ್ಡದು ಮಾಡಿಸಿದೆ. ಕಣದ ಆಚೆ ತುದಿಗೆ ಒಂದು ದೀಪ, ಒಂದು ಪ್ಲಗ್ ಬೇಕಾಯಿತು. ಗೋಣಿಬೀಡಿನ ಬಸ್ ಸ್ಟ್ಯಾಂಡಿನ ಎದುರು ಸಣ್ಣ ಅಂಗಡಿ ಇಟ್ಟುಕೊಂಡಿರುವ ವೈರ್‌ಮನ್ ಒಬ್ಬರಿದ್ದಾರೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಮಾತು ಕಡಿಮೆ. ಬಾಳೂರಿನವರೆಗೆ ಯಾವ ಎಸ್ಟೇಟಿನ ಪಂಪ್ ಕೆಟ್ಟರೂ ಅವರಿಗೇ ಫೋನು ಹೋಗುತ್ತಿತ್ತು. ಅವರಿಗೆ ತೋಟವಿಲ್ಲ, ಬೇರೆ ದಾರಿಯಿಲ್ಲ. ಅವರ ಕೈಯ ಕೆಲಸ ಗಟ್ಟಿ ಎಂದು ಜನ ನಂಬಿದ್ದರಿಂದ ಅವರ ಮನೆ ನಡೆಯುತ್ತಿತ್ತು.

ಅವರು ಹೊರಗೆ ಎಳೆಯಲು ಕಪ್ಪು ಕೇಬಲ್ ತರಿಸಿ ಎಂದರು. ನನ್ನ ಹತ್ತಿರ ಮನೆಯ ವೈರಿಂಗ್ ಮುಗಿದು ಮಿಕ್ಕಿದ್ದ ಎರಡು ಸುರುಳಿಗಳಿದ್ದವು, ಒಂದು ಕೆಂಪು, ಒಂದು ಕಪ್ಪು. ಇರುವುದನ್ನೇ ಹಾಕಿಬಿಡಿ, ಸುಮ್ಮನೆ ಮೂಲೆಯಲ್ಲಿ ಬಿದ್ದಿದೆ ಎಂದೆ. ಅವರು ಸುರುಳಿಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಕಣದ ಪಕ್ಕದಲ್ಲಿ ಸಾಲಾಗಿ ನಿಂತಿದ್ದ ಸಿಲ್ವರ್ ಓಕ್ ಮರಗಳನ್ನೂ, ಅವುಗಳ ನಡುವಿನ ದೊಡ್ಡ ಅತ್ತಿ ಮರವನ್ನೂ ನೋಡಿದರು.

"ಇದು ಮನೆ ಒಳಗಿನ ವೈರು ಸರ್, ಬಿಸಿಲಿಗೆ ತಡೆಯಲ್ಲ. ನೆರಳಿದೆ ಅಂತ ಹಾಕ್ತೀನಿ ಅಷ್ಟೆ. ಮರಗಸಿ ಮಾಡ್ಸೋದಾದ್ರೆ ನಂಗೊಂದು ಮಾತು ಹೇಳಿ."

ಮರಗಸಿ ಎಂದರೆ ನಮ್ಮ ಕಡೆ ವರ್ಷವರ್ಷ ನಡೆಯುವ ಕೆಲಸ. ಕಾಫಿಗೆ ಎಷ್ಟು ನೆರಳು ಬೇಕೋ ಅಷ್ಟು ಉಳಿಸಿ ಮರಗಳ ಕೊಂಬೆ ಸವರುವುದು. ಯಾವ ಕೊಂಬೆ ಹೋಗಬೇಕು, ಯಾವುದು ಇರಬೇಕು ಎಂದು ಮಾಲೀಕನೇ ಕೆಳಗೆ ನಿಂತು ಕೈ ತೋರಿಸುತ್ತಾನೆ. ಆ ದಿನ ಅವನ ತಲೆಯಲ್ಲಿ ಗಿಡದ ಲೆಕ್ಕವಲ್ಲದೆ ಬೇರೇನೂ ಇರುವುದಿಲ್ಲ. ಆಯಿತು ಹೇಳುತ್ತೇನೆ ಎಂದೆ. ಕಣದ ಸುತ್ತ ಕಬ್ಬಿಣದ ಪೈಪುಗಳನ್ನು ನೆಟ್ಟು, ಅವುಗಳ ನಡುವೆ ರಾತ್ರಿ ಕಾಫಿಯ ಮೇಲೆ ಟಾರ್ಪಾಲು ಎಳೆಯಲು ಗಟ್ಟಿ ಕಬ್ಬಿಣದ ತಂತಿ ಬಿಗಿದಿದ್ದೆವು. ವೈರ್‌ಮನ್ನರು ಪಂಪ್ ಮನೆಯಿಂದ ವೈರನ್ನು ಅದೇ ಪೈಪುಗಳ ತಲೆಗೆ ಕಟ್ಟಿಕೊಂಡು ಹೋಗಿ ದೀಪ ಹೊತ್ತಿಸಿ ಕೊಟ್ಟರು. ಮೇಲೆ ಪ್ಲಾಸ್ಟಿಕ್ ಪೈಪಿನ ಕವಚ ಹಾಕೋಣ ಎಂದಿದ್ದರು. ಮುಂದಿನ ವರ್ಷ ನೋಡೋಣ ಎಂದು ನಾನೇ ಮುಂದೆ ಹಾಕಿದೆ.

ನೆರಳಿನಲ್ಲಿ ಆ ವೈರು ನಾಲ್ಕು ವರ್ಷ ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಕಾಫಿಗೆ. ಮಧ್ಯಾಹ್ನ ಎರಡು ಗಂಟೆಗೆಲ್ಲ ಮರಗಳ ನೆರಳು ಕಣದ ಅರ್ಧಕ್ಕೆ ಬಂದು, ಬೀಜ ಒಣಗಲು ನಾಲ್ಕು ದಿನ ಹೆಚ್ಚು ಹಿಡಿಯುತ್ತಿತ್ತು. ಒಂದು ವರ್ಷ ಮರಗಸಿಯ ಹೊತ್ತಿಗೆ ಕಣದ ಪಕ್ಕದ ಸಿಲ್ವರ್ ಸಾಲನ್ನು ಪೂರ್ತಿ ತೆಗೆಸಿದೆ, ಅತ್ತಿ ಮರದ ಒಂದು ಮಗ್ಗುಲನ್ನು ಸವರಿಸಿದೆ. ಕಣಕ್ಕೆ ಒಳ್ಳೆಯ ಬಿಸಿಲು ಬಿತ್ತು. ಬಹಳ ಖುಷಿಯಾಯಿತು. ವೈರ್‌ಮನ್ನರಿಗೆ ಹೇಳಬೇಕು ಎಂಬುದು ತಲೆಗೇ ಬರಲಿಲ್ಲ.

ವಿಕಿರಣ ಎಂದರೆ ಜನರಿಗೆ ಬಾಂಬು ನೆನಪಾಗುತ್ತದೆ. ಬಿಸಿಲೂ ವಿಕಿರಣವೇ, ಅದರಲ್ಲಿರುವ ನೇರಳಾತೀತ ಕಿರಣಕ್ಕೆ ಸರಪಳಿ ಕಡಿಯುವಷ್ಟು ಶಕ್ತಿಯಿದೆ ಎಂದು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಗಾಮಾ ಕಿರಣ ಹಾಳೆಯನ್ನು ತೂರಿಕೊಂಡು ಹೋಗುತ್ತದೆ. ಬಿಸಿಲು ಮೇಲ್ಮೈಯಲ್ಲೇ ನಿಂತು ನಿಧಾನವಾಗಿ ಕೆರೆಯುತ್ತದೆ. ಕಪ್ಪು ಕೇಬಲ್ಲಿಗೆ ಮಸಿ ಬೆರೆಸಿರುತ್ತಾರೆ, ಆ ಮಸಿ ಕಿರಣವನ್ನು ನುಂಗಿಕೊಂಡು ಪ್ಲಾಸ್ಟಿಕ್ಕನ್ನು ಕಾಯುತ್ತದೆ. ಬೋರ್ಡಿನ ಮೇಲೆ ಚಿತ್ರ ಸಹಿತ ಬರೆಯುತ್ತೇನೆ. ಹಾಗೆ ಬರೆದು ಮನೆಗೆ ಬಂದು, ಕಣದ ಕಟ್ಟೆಯ ಮೇಲೆ ಕೂತು, ತಲೆಯ ಮೇಲೆಯೇ ಬಣ್ಣ ಮಾಸುತ್ತಿದ್ದ ಕೆಂಪು ವೈರಿನ ಕೆಳಗೆ ಕಾಫಿ ಕುಡಿಯುತ್ತಿದ್ದೆ.

ಕಳೆದ ಚಳಿಗಾಲದ ಕೊಯ್ಲಿನಲ್ಲಿ ಕಣದ ಕೆಲಸದ ಹೆಂಗಸರು ಒಂದು ಮಾತು ತೆಗೆದರು. ಬೆಳಿಗ್ಗೆ ಟಾರ್ಪಾಲು ತೆಗೆಯುವಾಗ ತಂತಿ ಜುಮ್ ಎನ್ನುತ್ತದೆ ಎಂದು. ಅವರಲ್ಲೇ ಹಿರಿಯಳು, ತೋಟದ ಆಳುಗಳಿಗೆ ಕಟ್ಟಿಸಿದ ನಮ್ಮ ಲೈನ್ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇರುವ ಒಬ್ಬಾಕೆ, ಕಂಬಕ್ಕೆ ಚಗಳಿ ಹತ್ತಿದೆ ಎಂದು ನಗೆಯಾಡಿದಳು. ಚಗಳಿ ಎಂದರೆ ತೋಟದ ಕೆಂಪಿರುವೆ, ಕಚ್ಚಿದರೆ ಚುರ್ ಎನ್ನುತ್ತದೆ. ತೋಟದ ಲೆಕ್ಕ ಬರೆಯುವ ನಮ್ಮ ರೈಟರು ನಕ್ಕು ನನಗೆ ವರದಿ ಮಾಡಿದರು. ನಾನು ಉಡಾಫೆ ಮಾಡಲಿಲ್ಲ, ಪರೀಕ್ಷೆ ಮಾಡಿದೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಟೆಸ್ಟರ್ ಹಿಡಿದುಕೊಂಡು ಕಣಕ್ಕೆ ಹೋಗಿ, ಒಂದೊಂದೇ ಪೈಪಿಗೆ ಮುಟ್ಟಿಸಿದೆ. ಎಲ್ಲೂ ದೀಪ ಹತ್ತಲಿಲ್ಲ. ಕಾಲಲ್ಲಿ ರಬ್ಬರ್ ಚಪ್ಪಲಿ, ಕಣ ಹಪ್ಪಳದಂತೆ ಒಣಗಿತ್ತು. ಏನೂ ಇಲ್ಲ, ನಿಮ್ಮ ಭ್ರಮೆ ಎಂದು ಹೆಂಗಸರಿಗೆ ಹೇಳಿದೆ.

ಅವರು ತಮ್ಮದೇ ಉಪಾಯ ಮಾಡಿಕೊಂಡಿದ್ದರು. ಬೆಳಿಗ್ಗೆ ಬಂದರೂ ಟಾರ್ಪಾಲಿನ ಹತ್ತಿರ ಹೋಗದೆ, ಕಣ ಗುಡಿಸುವುದು, ಗೋಣಿ ಕೊಡವುವುದು ಹೀಗೆ ಏನಾದರೂ ಮಾಡುತ್ತಾ ಇಬ್ಬನಿ ಆರುವವರೆಗೆ ಕಾಯುತ್ತಿದ್ದರು. ಒಂಬತ್ತು ಗಂಟೆಗೂ ಕಾಫಿ ಮುಚ್ಚಿಕೊಂಡೇ ಇರುವುದನ್ನು ಕಂಡು ಒಂದು ದಿನ ನನಗೆ ಸಿಟ್ಟು ಬಂತು. ಬಿಸಿಲಿಗಾಗಿ ಮರ ತೆಗೆಸಿದವನು ನಾನು, ಆ ಬಿಸಿಲನ್ನು ಇವರು ಪೋಲು ಮಾಡುತ್ತಿದ್ದಾರೆ ಎನಿಸಿತು. ನಾಳೆಯಿಂದ ಏಳೂವರೆಗೆ ಕಾಫಿ ಬಿಚ್ಚಿರಬೇಕು ಎಂದು ಗದರಿ ಕಾಲೇಜಿಗೆ ಹೋದೆ.

ಮರುದಿನ ಏಳೂವರೆಗೆ ಆ ಹಿರಿಯಳೇ ಮೊದಲು ಕೈ ಹಾಕಿದಳು. ಉಳಿದವರು ಹಿಂದೆಮುಂದೆ ನೋಡುತ್ತಿದ್ದರಂತೆ. ತಂತಿಯಲ್ಲಿ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಅವಳ ಬಲಗೈ ತಂತಿಗೆ ಕಚ್ಚಿಕೊಂಡಿತು, ಬಾಯಿಂದ ಸ್ವರ ಹೊರಡಲಿಲ್ಲ. ಪಕ್ಕದಲ್ಲಿದ್ದವಳು ಟಾರ್ಪಾಲು ಎತ್ತುವ ಬಿದಿರಿನ ಗಳದಿಂದ ಕೈಗೆ ಹೊಡೆದು ಬಿಡಿಸಿದಳು, ರೈಟರು ಪಂಪ್ ಮನೆಗೆ ಓಡಿ ಮೇನ್ ಸ್ವಿಚ್ ಆರಿಸಿದರು. ನಮ್ಮ ಮನೆಗೆ ಶಾಕ್ ತಡೆಯುವ ಟ್ರಿಪ್ಪರ್ ಇದೆ. ಪಂಪ್ ಮನೆಯಿಂದ ಕಣಕ್ಕೆ ಹೋಗುವ ಲೈನಿಗೆ ಇರಲಿಲ್ಲ. ನಾನು ಬನಿಯನ್ನಿನಲ್ಲೇ ಜೀಪು ತೆಗೆದು ಅವಳನ್ನು ಮೂಡಿಗೆರೆಗೆ ಕರೆದೊಯ್ದೆ. ಜೀವ ಉಳಿಯಿತು. ಅಂಗೈ ಸುಟ್ಟಿತ್ತು, ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ.

ಅದೇ ದಿನ ಸಂಜೆ ಸುತ್ತಮುತ್ತಲ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಬಿರಿದ ಕೆಂಪು ವೈರಿನ ಫೋಟೋ ಬಂತು. ನೋಡಲು ಬಂದ ಪಕ್ಕದ ತೋಟದವರು ಹಾಕಿದ್ದು. ವೈರಿಂಗ್ ಯಾರದ್ದು ಎಂದು ಯಾರೋ ಕೇಳಿದರು. ಗೋಣಿಬೀಡಿನವರದ್ದು ಎಂದು ನಾನು ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮನೆಯೊಳಗಿನ ವೈರನ್ನು ಹೊರಗೆ ಎಳೆದಿದ್ದಾರಲ್ಲ ಮಾರಾಯ್ರೇ ಎಂದು ಒಬ್ಬರು, ಇನ್ನು ಅವರನ್ನು ಕರೆಯುವುದು ಬೇಡ ಎಂದು ಇನ್ನೊಬ್ಬರು. ಮೇಲಿಂದ ಮೇಲೆ ಮಾತು ಬರುತ್ತಿತ್ತು. ನಾನು ಫೋನ್ ಮಗುಚಿಟ್ಟೆ.

ವೈರ್‌ಮನ್ನರು ಮಾರನೇ ದಿನ ಬಂದರು. ಕೆಂಪು ವೈರನ್ನು ಉಗುರಿನಿಂದ ಒತ್ತಿ ನೋಡಿದರು, ಹೊದಿಕೆ ಹುರಿದ ಕಡಲೆಬೀಜದ ಸಿಪ್ಪೆಯಂತೆ ಎದ್ದು ಬಂತು. ಆಮೇಲೆ ತಲೆಯೆತ್ತಿ, ಸಿಲ್ವರ್ ಸಾಲು ಇದ್ದ ಕಡೆ ನೋಡಿದರು. ಅಲ್ಲಿ ಆಕಾಶವಿತ್ತು. ಸ್ಕೂಟರ್ ಹತ್ತಿ ಹೋದರು.

ಒಂದು ತಿಂಗಳಲ್ಲಿ ಅವರಿಗೆ ಫೋನ್ ಬರುವುದು ನಿಂತಿತು. ಬಾಳೂರಿನ ಕಡೆ ಎರಡು ಎಸ್ಟೇಟಿನವರು, ಅರ್ಧ ಮಾಡಿದ ಕೆಲಸವನ್ನೇ ಬಿಡಿಸಿ ಬೇರೆಯವರಿಗೆ ಕೊಟ್ಟರಂತೆ. ನಾನು ಬಸ್ ಸ್ಟ್ಯಾಂಡಿನ ಮುಂದೆ ಹಾದುಹೋಗುವಾಗಲೆಲ್ಲ ಅವರು ಅಂಗಡಿಯಲ್ಲಿ ಯಾರದೋ ಮಿಕ್ಸಿ ಬಿಚ್ಚಿಕೊಂಡು ಕೂತಿರುತ್ತಿದ್ದರು. ನಾನು ಕಾರಿನ ಗಾಜು ಏರಿಸಿಕೊಳ್ಳುತ್ತಿದ್ದೆ. ಇದನ್ನು ಬರೆಯುವಾಗ ಮೈ ಹಿಡಿಯಷ್ಟಾಗುತ್ತದೆ, ಆದರೆ ಮಾಡಿದ್ದು ಹೌದು.

ನನ್ನ ಬಾಯಿ ತೆರೆಸಿದ್ದು ಲೈನ್ ಮನೆಯಾಕೆ. ಕೈಗೆ ಬ್ಯಾಂಡೇಜ್ ಬದಲಾಯಿಸಿಕೊಂಡು ಬಂದ ದಿನ ಅವಳನ್ನು ನೋಡಲು ಹೋಗಿದ್ದೆ. ಮಾತಿಗೆ ಮಾತು ಬಂದು, ಪಾಪ ಆ ವೈರ್‌ಮನ್ನರಿಗೂ ಈಗ ಕೆಲಸ ಇಲ್ಲದಂತಾಗಿದೆ ಎಂದು, ಯಾರದೋ ಕಷ್ಟ ಹೇಳುವವನಂತೆ ಹೇಳಿದೆ. ಅವಳು ಬ್ಯಾಂಡೇಜಿನ ತುದಿಯನ್ನು ಒಳಗೆ ಸಿಕ್ಕಿಸಿಕೊಂಡಳು.

"ಅವ್ರನ್ನ ಯಾಕಯ್ಯ ಬೈತಾರೆ? ಅವ್ರು ಆವತ್ತು ಇಲ್ಲಿರ್ಲಿಲ್ಲ. ನಾವು ಹೇಳಿದ್ದು ನಿಮಿಗೆ. ನಾವು ಮುಟ್ಟೋದು ಬೆಳಿಗ್ಗೆ, ನೀವು ಬಂದು ನೋಡಿದ್ದು ಮಧ್ಯಾಹ್ನ."

ಸಿಟ್ಟಿನಿಂದ ಹೇಳಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ನನಗೆ ನೀಲಿ ಹರಳಿನ ಡಬ್ಬಿ ಕಣ್ಣ ಮುಂದೆ ಬಂತು. ನಾಲ್ಕು ವರ್ಷ ತೇವ ಒರೆಸಿ ಒರೆಸಿ ಅಳೆದವನು ಇಲ್ಲಿಯೂ ತೇವ ಆರಿದ ಮೇಲೆಯೇ ಅಳೆದಿದ್ದೆ. ಬಿರಿದ ಹೊದಿಕೆ ಒಣಗಿದ್ದಾಗ ತಾಮ್ರಕ್ಕೂ ಪೈಪಿಗೂ ನಡುವೆ ಕೂದಲೆಳೆಯಷ್ಟು ಗಾಳಿಯಾದರೂ ಇರುತ್ತದೆ. ಬಿರುಕಿಗೆ ಇಬ್ಬನಿ ಇಳಿದರೆ ಅದೂ ಇರುವುದಿಲ್ಲ.

ಆದರೂ ನಾನು ನೇರವಾಗಿ ಒಪ್ಪಿಕೊಳ್ಳಲಿಲ್ಲ. ಮೊದಲು ಕಳಚಿಟ್ಟಿದ್ದ ವೈರನ್ನು ಕಾಲೇಜಿನ ಲ್ಯಾಬಿಗೆ ಒಯ್ದೆ. ಎಲ್ಲಾದರೂ ವೈರ್‌ಮನ್ನರ ಇಕ್ಕಳದ ಗಾಯ ಸಿಗಲಿ, ಕಟ್ಟುವಾಗಲೇ ಕೆಟ್ಟದ್ದೆಂದು ಆಗಲಿ ಎಂಬ ಆಸೆ ಒಳಗೆ ಇತ್ತು. ಒಂದೇ ಸುರುಳಿಯ ಮೂರು ತುಂಡು ಮಾಡಿದೆ: ಪಂಪ್ ಮನೆಯ ಸೂರಿನಡಿ ಇದ್ದದ್ದು, ಅತ್ತಿ ಮರದ ಉಳಿದ ಮಗ್ಗುಲ ನೆರಳಿನಲ್ಲಿದ್ದದ್ದು, ಬಯಲಿನದ್ದು. ಪೆನ್ಸಿಲ್ಲಿಗೆ ಸುತ್ತಿದರೆ ಮೊದಲ ಎರಡು ಸಲೀಸಾಗಿ ಬಾಗಿದವು. ಮೂರನೆಯದು ಚಟಚಟ ಬಿರಿಯಿತು. ಇನ್ಸುಲೇಶನ್ ಅಳೆಯುವ ಮೆಗ್ಗರ್ ಹಚ್ಚಿದೆ. ಒಣಗಿದ್ದಾಗ ಮೂರೂ ಚೆನ್ನ. ಒದ್ದೆ ಬಟ್ಟೆ ಸುತ್ತಿದ ಕೂಡಲೇ ಮೂರನೆಯದರ ಮುಳ್ಳು ಸೊನ್ನೆಗೆ ಬಿದ್ದುಬಿಟ್ಟಿತು. ಅದರ ಜೊತೆಗೇ ಬಯಲಿನಲ್ಲಿದ್ದ ಕಪ್ಪು ವೈರಿಗೆ ಒದ್ದೆ ಬಟ್ಟೆ ಸುತ್ತಿದರೂ ಏನೂ ಆಗಲಿಲ್ಲ. ಇಕ್ಕಳದ ಗುರುತು ಎಲ್ಲೂ ಇರಲಿಲ್ಲ. ನನ್ನ ಅರ್ಧಕ್ಕೆ ನಿಂತ ಸಂಶೋಧನೆ ಹೀಗೆ ಒಂದು ಮಧ್ಯಾಹ್ನದಲ್ಲಿ ಮುಗಿಯಿತು.

ಅಲ್ಲಿಂದ ನೇರ ಗೋಣಿಬೀಡಿನ ಅಂಗಡಿಗೆ ಹೋದೆ. ಮೂರು ತುಂಡನ್ನೂ ಅವರ ಮುಂದಿಟ್ಟು, ವೈರು ಕೊಟ್ಟವನು ನಾನು, ಮರ ತೆಗೆಸಿದವನು ನಾನು, ನೀವು ಹೇಳಿದ್ದನ್ನು ಮರೆತವನೂ ನಾನು ಎಂದೆ. ಅವರು ತುಂಡುಗಳನ್ನು ಮುಟ್ಟಲೂ ಇಲ್ಲ.

"ನಂಗೆ ಹೇಳಿ ಏನ್ ಬಂತು ಸರ್? ನಂಗೆ ಗೊತ್ತಿರೋದೇ ಅದು. ಆವತ್ತು ಎಲ್ಲಿ ಹೇಳಿದ್ರೋ ಅಲ್ಲೇ ಹೇಳಿ."

ಅವರ ಅಂಗಡಿಯ ಮುಂದೆಯೇ ಕಾರಿನಲ್ಲಿ ಕೂತು ಗುಂಪಿಗೆ ಬರೆದೆ. ಮೂರು ತುಂಡಿನ ಫೋಟೋ ಹಾಕಿದೆ. ಕೆಂಪು ವೈರನ್ನು ಬಲವಂತವಾಗಿ ಹಾಕಿಸಿದ್ದು ನಾನು, ಮರಗಸಿಗೆ ಮುಂಚೆ ತಿಳಿಸಿ ಎಂದು ಅವರು ಹೇಳಿದ್ದರು, ತಿಳಿಸಲಿಲ್ಲ, ಹೆಂಗಸರು ಹೇಳಿದಾಗ ನಂಬಲಿಲ್ಲ ಎಂದು ಒಂದೊಂದಾಗಿ ಬರೆದೆ. ಒತ್ತುವ ಮುಂಚೆ ಎರಡು ಸಲ ಅಳಿಸಿದೆ. ಮೇಷ್ಟ್ರಿಗೇ ಗೊತ್ತಾಗದಿದ್ದರೆ ನಮ್ಮ ಗತಿಯೇನು ಎಂದು ಒಬ್ಬರು ತಮಾಷೆ ಮಾಡಿದರು, ಕೆಲವರು ಹೆಬ್ಬೆರಳು ಒತ್ತಿದರು, ಹೆಚ್ಚಿನವರು ಏನೂ ಹೇಳಲಿಲ್ಲ. ವಾರದಲ್ಲಿ ಬಾಳೂರಿನ ಒಂದು ಎಸ್ಟೇಟಿನವರು ತಮ್ಮ ಕಣದ ವೈರು ನೋಡಿ ಹೋಗಿ ಎಂದು ವೈರ್‌ಮನ್ನರಿಗೆ ಫೋನ್ ಮಾಡಿದ್ದು ತಿಳಿಯಿತು. ಇನ್ನೊಂದು ಎಸ್ಟೇಟಿನವರು ಇವತ್ತಿಗೂ ಮಾಡಿಲ್ಲ.

ಫೆಬ್ರವರಿಯ ಕೊನೆಯಲ್ಲಿ, ಇನ್ನೂ ರೋಬಸ್ಟಾ ಕಾಫಿ ಕಣದಲ್ಲಿರುವಾಗ, ವೈರ್‌ಮನ್ನರು ನಮ್ಮಲ್ಲಿಗೆ ಬಂದರು. ನಾನು ಮೂರು ಸಲ ಕೇಳಿಕೊಂಡ ಮೇಲೆ. ಕಪ್ಪು ಕೇಬಲ್ಲನ್ನು ಕವಚದೊಳಗೆ ತೂರಿಸಿ ನೆಲದಲ್ಲಿ ಹೂತರು, ಪಂಪ್ ಮನೆಗೆ ಟ್ರಿಪ್ಪರ್ ಹಾಕಿದರು, ಪೈಪುಗಳಿಗೆಲ್ಲ ಅರ್ತ್ ಕೊಟ್ಟರು. ಸಂಜೆಗೆ ಕೆಲಸ ಮುಗಿಯಿತು. ಆದರೆ ಪರೀಕ್ಷೆ ನಾಳೆ ಬೆಳಿಗ್ಗೆ ಎಂದು ಹೇಳಿ ಹೋದರು.

ಮರುದಿನ ಏಳು ಗಂಟೆಗೆ ಬಂದರು. ಇಬ್ಬನಿ ಚೆನ್ನಾಗಿ ಬಿದ್ದಿತ್ತು, ತಂತಿಯುದ್ದಕ್ಕೂ ಹನಿಗಳು. ಲೈನ್ ಮನೆಯ ಹೆಂಗಸರು ಕಣದ ಅಂಚಿನಲ್ಲಿ ನಿಂತಿದ್ದರು, ಕೈ ಸುಟ್ಟುಕೊಂಡಿದ್ದಾಕೆಯೂ ಆ ವಾರವೇ ಕೆಲಸಕ್ಕೆ ಬಂದಿದ್ದಳು. ವೈರ್‌ಮನ್ನರು ಮೆಗ್ಗರ್ ಹಚ್ಚಿ ನನಗೆ ತೋರಿಸಿದರು. ಎಲ್ಲ ಸರಿಯಿತ್ತು. ನಾನು ಹೆಂಗಸರ ಕಡೆ ತಿರುಗಿ, ಏನೂ ತೊಂದರೆಯಿಲ್ಲ, ಶುರು ಮಾಡಿ ಎಂದೆ. ಯಾರೂ ಕದಲಲಿಲ್ಲ.

"ಅವ್ರು ಮೀಟ್ರು ನೋಡಲ್ಲ ಸರ್," ಎಂದರು ವೈರ್‌ಮನ್ನರು ತಗ್ಗಿದ ದನಿಯಲ್ಲಿ. "ಚಪ್ಪಲಿ ಬಿಟ್ಟು ನೀವೇ ಮುಟ್ಟಿ."

ಚಪ್ಪಲಿ ಬಿಟ್ಟೆ. ಕಣ ಕಾಲಿಗೆ ಕೊರೆಯುವಷ್ಟು ತಣ್ಣಗಿತ್ತು. ಮೀಟರಿನ ಮುಳ್ಳು ಎಲ್ಲಿ ನಿಂತಿತ್ತೆಂದು ಕಣ್ಣಾರೆ ನೋಡಿದ್ದೆ, ಅದರ ಅರ್ಥವನ್ನು ಅಲ್ಲಿದ್ದ ಯಾರಿಗಿಂತಲೂ ಚೆನ್ನಾಗಿ ಬಲ್ಲೆ. ಆದರೂ ಕೈ ತಂತಿಯ ಹತ್ತಿರ ಹೋಗಿ ನಿಂತುಬಿಟ್ಟಿತು. ಹೆದರಿಕೆಯಾಯಿತು. ಇಷ್ಟು ದಿನ ಈ ಹೆಂಗಸರು ಪ್ರತಿ ಬೆಳಿಗ್ಗೆ ಇದೇ ಹೆದರಿಕೆಯಲ್ಲಿ ಇಲ್ಲಿ ನಿಂತಿದ್ದರು ಎಂದು ಆಗ ನನಗೆ ಗೊತ್ತಾಯಿತು. ಎಲ್ಲರೂ ನೋಡುತ್ತಿದ್ದರು. ಕಣ್ಣು ಮುಚ್ಚಿ ಹಿಡಿದೆ. ಇಬ್ಬನಿ ಮಾತ್ರ ಅಂಗೈಗೆ ಹತ್ತಿತು.

ಕೈ ಸುಟ್ಟಿದ್ದಾಕೆ ಹತ್ತಿರ ಬಂದಳು. ಎಡಗೈಯಲ್ಲಿ ಸೆರಗು ಬಿಗಿದುಕೊಳ್ಳುತ್ತಾ, ಏನೂ ಇಲ್ವಾ ಅಯ್ಯ ಎಂದು ಕೇಳಿದಳು. ಇಲ್ಲ ಎಂದೆ. ಅವಳು ನನಗೆ ತಲೆಯಾಡಿಸಿ, ವೈರ್‌ಮನ್ನರ ಕಡೆ ತಿರುಗಿ ಅದೇ ಪ್ರಶ್ನೆಯನ್ನು ಕೇಳಿದಳು. ಅವರು ಇಲ್ಲ ಎಂದ ಮೇಲೆ ಟಾರ್ಪಾಲಿಗೆ ಕೈ ಹಾಕಿದಳು.